ಇಳಿಜಾರಿನ ಋಣ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವ ಭಾಗ ಮುಳುಗಿತು. ನಾಲ್ಕನೇ ತಾರೀಖಿನಿಂದ ಮರುದಿನ ಬೆಳಗಿನವರೆಗೆ 131.6 ಮಿ.ಮೀ. ಮಳೆ ಸುರಿಯಿತು. ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರಿನ ಸುತ್ತಮುತ್ತ ಜನರನ್ನು ಟ್ರ್ಯಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಅದೇ ದಿನಗಳಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತಿ ಕಳಿಸುವ ಪಂಪ್‌ಹೌಸಿಗೂ ಪ್ರವಾಹ ನುಗ್ಗಿ ಯಂತ್ರಗಳು ನಿಂತವು. ಬಾಗಿಲ ಮುಂದೆ ನಿಂತ ನೀರು, ಒಳಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಮಾರ್ಚಿನಲ್ಲಿ, ಇದೇ ಊರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಮುಳುಗಿದ್ದ ಬಡಾವಣೆಗಳಲ್ಲೇ ಜನ ಟ್ಯಾಂಕರಿಗಾಗಿ ಫೋನು ಹಿಡಿದು ಕೂತರು.

ನೆರೆಯನ್ನೂ ಬರವನ್ನೂ ನಾವು ಎರಡು ಬೇರೆ ಬೇರೆ ಕಷ್ಟಗಳೆಂದು ಎಣಿಸುತ್ತೇವೆ. ಒಂದಕ್ಕೆ ಒಂದು ಇಲಾಖೆ, ಇನ್ನೊಂದಕ್ಕೆ ಮತ್ತೊಂದು. ಈ ಎರಡೂ ಕಷ್ಟಗಳ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ. ಬೇರು ಇರುವುದು ನಮ್ಮ ನಡತೆಯಲ್ಲಿ. ನಮ್ಮ ಸೈಟಿನ ಮೇಲೆ ಬಿದ್ದ ಮಳೆಯನ್ನು ನಮ್ಮದೆಂದು ನಾವು ಒಪ್ಪಿಕೊಂಡಿಲ್ಲ. ಅದು ಆದಷ್ಟು ಬೇಗ ನಮ್ಮ ಗೇಟು ದಾಟಿ ಹೋಗಬೇಕು, ಅಷ್ಟೆ. ಗೇಟಿನಾಚೆ ಅದು ಯಾರ ಮನೆಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗಿದೆ.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ಸೈಟೆಂದರೆ ಸುಮಾರು 111 ಚದರ ಮೀಟರ್. ಸಂಜೆಯ ಒಂದು ಜೋರುಮಳೆ 50 ಮಿ.ಮೀ. ಸುರಿಸಿದರೆ ಆ ಒಂದು ಸೈಟಿನಿಂದ ಐದೂವರೆ ಸಾವಿರ ಲೀಟರ್ ನೀರು ಹೊರಡುತ್ತದೆ. ಬೇಸಿಗೆಯಲ್ಲಿ ಮನೆಮುಂದೆ ಬಂದು ನಿಲ್ಲುವ ಸಣ್ಣ ಟ್ಯಾಂಕರಿನಲ್ಲಿ ಹಿಡಿಯುವಷ್ಟು. ಬೀದಿಯಲ್ಲಿ ನೂರು ಮನೆಗಳಿದ್ದರೆ ಐದೂವರೆ ಲಕ್ಷ ಲೀಟರ್. ಮಣ್ಣಿದ್ದಾಗ ಇದರಲ್ಲಿ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು. ಈಗ ತಾರಸಿ, ಟೈಲ್ಸು, ಸಿಮೆಂಟಿನ ಅಂಗಳ, ಡಾಂಬರು. ಹೊರಟ ನೀರಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅರ್ಧ ಗಂಟೆಯೊಳಗೆ ಬೀದಿಯ ಕೊನೆಯ ಮೋರಿ ಮುಟ್ಟುತ್ತದೆ.

ಮನೆ ಕಟ್ಟುವವರೆಲ್ಲ ಕೆಟ್ಟವರೆಂದು ಇದರರ್ಥವಲ್ಲ. ಕಟ್ಟಡದ ಕೊನೆಯ ಹಂತದಲ್ಲಿ ಪ್ಲಂಬರ್ ಬಂದು ಕೇಳುತ್ತಾನೆ: "ಸಾರ್, ತಾರಸಿ ಪೈಪು ಹೊರಗಡೆ ಬಿಟ್ಬಿಡ್ಲಾ?" ಸಾಲದ ಕಂತು ಶುರುವಾಗಿದೆ, ಗೃಹಪ್ರವೇಶದ ಮುಹೂರ್ತ ಗೊತ್ತಾಗಿದೆ. ಯಜಮಾನರು ಹೂಂ ಅನ್ನುತ್ತಾರೆ. ಆ ಒಂದು ಹೂಂಕಾರದಲ್ಲಿ ಮುಂದಿನ ಐವತ್ತು ವರ್ಷದ ಮಳೆಯೆಲ್ಲ ಕೆಳಗಿನ ಬೀದಿಗೆ ಬರೆದುಕೊಟ್ಟಂತಾಯಿತು. ಅಲ್ಲಿದ್ದ ಇಬ್ಬರಿಗೂ ಅದು ತಿಳಿದಿರಲಿಲ್ಲ. ತಿಳಿಸಬೇಕಾದ ಮೂರನೆಯವರು ಅಲ್ಲಿರಲಿಲ್ಲ. ನನ್ನ ಯೋಚನೆಯೆಲ್ಲ ಆ ಮೂರನೆಯವರ ಬಗ್ಗೆ.

ಹಿಂದೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ಆ ಮೂರನೆಯವರು ಇದ್ದರು. ಅವರನ್ನು ನೀರುಗಂಟಿ ಎನ್ನುತ್ತಿದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಗೊತ್ತುಮಾಡುವುದು, ಕಾಲುವೆಯ ಹೂಳು ತೆಗೆಸುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ, ಕೋಡಿ ಎಷ್ಟು ಹರಿಯುತ್ತಿದೆ ಎಂದು ನೋಡುವುದು ಅವರ ಕೆಲಸ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಎಷ್ಟು ಹೊತ್ತಿಗೆ ನೀರು ತಲುಪುತ್ತದೆ ಎಂಬುದು ಅವರ ಕಾಲಿಗೇ ಗೊತ್ತಿತ್ತು. ಅನುಮತಿ ಕೊಡುವವರೂ ಅವರೇ, ತಿಳಿಹೇಳುವವರೂ ಅವರೇ, ವರ್ಷದಿಂದ ವರ್ಷಕ್ಕೆ ನೀರಿನ ನಡೆಯನ್ನು ನೋಡಿ ನೆನಪಿಟ್ಟುಕೊಳ್ಳುವವರೂ ಅವರೇ. ಆ ವ್ಯವಸ್ಥೆಯನ್ನು ಹೊಗಳಿ ಮುಗಿಸುವುದು ನ್ಯಾಯವಲ್ಲ. ಬಹಳ ಊರುಗಳಲ್ಲಿ ಈ ಕೆಲಸ ಜಾತಿಯಿಂದ ಬಂದದ್ದು, ಹೆಚ್ಚಾಗಿ ದಲಿತರ ಪಾಲಿಗೆ ಬಂದದ್ದು. ಸುಗ್ಗಿಯಲ್ಲಿ ಕೊಡುವ ಕಾಳಿನ ಹೊರತು ಅವರ ಅರಿವಿಗೆ ಊರು ಮರ್ಯಾದೆ ಕೊಡಲಿಲ್ಲ. ಆ ಅನ್ಯಾಯ ತೊಲಗಬೇಕಿತ್ತು. ಅದರ ಜೊತೆಗೆ ಆ ಹೊಣೆಯೂ ತೊಲಗಿದ್ದು ನಮ್ಮ ನಷ್ಟ.

ಬೆಂಗಳೂರಿನ ನೆಲವನ್ನು ಒಮ್ಮೆ ನೆನಪಿಗೆ ತಂದುಕೊಂಡರೆ ಈ ಹೊಣೆ ಎಷ್ಟು ದೊಡ್ಡದಿತ್ತೆಂದು ತಿಳಿಯುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಈ ಊರು ಕೂತಿದೆ. ದಿಣ್ಣೆಯ ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಇಳಿಯುತ್ತದೆ. ಮೂಡಣಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆ, ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರುತ್ತದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಹಾಗಾಗಿಯೇ ಕಣಿವೆಗೆ ಅಡ್ಡಲಾಗಿ ಕೆರೆ, ಆ ಕೆರೆಯ ಕೋಡಿಗೆ ಕಾಲುವೆ, ಕಾಲುವೆಯ ತುದಿಗೆ ಮತ್ತೊಂದು ಕೆರೆ ಎಂದು ಹಿಂದಿನವರು ಸರಣಿ ಕಟ್ಟಿದರು. ಅವರ ಕಣ್ಣಲ್ಲಿ ಮಳೆಗಾಲದ ನೀರೂ ಬೇಸಿಗೆಯ ನೀರೂ ಒಂದೇ ಆಗಿತ್ತು.

ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಕೋರಮಂಗಲದ ಕೆರೆಯ ಮೇಲೆ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ವಸತಿ ಸಮುಚ್ಚಯ, ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಮೈದಾನ. ಈ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿದೆ, ಅದನ್ನು ಹೇಳಿ ನಿಟ್ಟುಸಿರು ಬಿಡುವುದೂ ರೂಢಿಯಾಗಿದೆ. ಕೆರೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಕೆರೆಗಳ ನಡುವಿನ ಕಾಲುವೆ ಹೋದದ್ದು ಕಾಣುವುದಿಲ್ಲ. 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಹಾಲೇಖಪಾಲರ ವರದಿ ಬೆಂಗಳೂರಿನ ಮಳೆನೀರಿನ ನಿರ್ವಹಣೆಯನ್ನೇ ವಿಷಯವಾಗಿಟ್ಟುಕೊಂಡು ಹಳೆಯ ನಕ್ಷೆಗಳನ್ನೂ ಈಗಿನ ನೆಲವನ್ನೂ ತಾಳೆ ನೋಡಿತು. ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳಲ್ಲಿ ಕಾಲುವೆಗಳ ಉದ್ದ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಉಳಿದವುಗಳ ಎರಡೂ ಮಗ್ಗುಲಿಗೆ, ಎಷ್ಟೋ ಕಡೆ ತಳಕ್ಕೂ, ಕಾಂಕ್ರೀಟು ಹಾಕಿದ್ದೇವೆ. ನೀರು ಇಂಗುವ ದಾರಿ ಮುಚ್ಚಿ ಓಡುವ ವೇಗ ಹೆಚ್ಚಿಸಿದ್ದೇವೆ. ಈ ವೇಗದ ಬಿಸಿ ತಟ್ಟುವುದು ತಗ್ಗಿನಲ್ಲಿರುವವರಿಗೆ.

ವಿಜಯನಗರದ ಕಾಲದ ಒಂದು ಶಾಸನ ಈ ಹೊತ್ತಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಬಳಿಯಿರುವ 1369ರ ಶಾಸನ ಅದು. ಕೆರೆಯನ್ನು ಕಟ್ಟಿಸಿದವನು ಒಂದನೇ ಬುಕ್ಕರಾಯನ ಮಗ ಭಾಸ್ಕರ. ಸಾಮಾನ್ಯವಾಗಿ ಶಾಸನಗಳು ಕಟ್ಟಿಸಿದವರ ವಂಶವನ್ನೂ ದಾನವನ್ನೂ ಹೇಳಿ ನಿಲ್ಲುತ್ತವೆ. ಇದು ಮುಂದೆ ಹೋಗಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನು ಎಣಿಸುತ್ತದೆ. ಗಟ್ಟಿ ಮಣ್ಣು, ಸಿಹಿನೀರಿನ ಹೊಳೆ, ಬಿಗಿಯಾದ ಕಲ್ಲಿನ ಕಟ್ಟೆಗಳ ಜೊತೆಯಲ್ಲೇ ನೀರಿನ ಶಾಸ್ತ್ರ ಬಲ್ಲ ವಿದ್ವಾಂಸನನ್ನೂ ಕೆಲಸದಲ್ಲಿ ಪಳಗಿದ ಆಳುಗಳ ತಂಡವನ್ನೂ ಅದು ಸಾಧನಗಳೆಂದೇ ಹೆಸರಿಸುತ್ತದೆ. ಕಲ್ಲು ಮಣ್ಣು ಎಷ್ಟು ಮುಖ್ಯವೋ ಬಲ್ಲವರ ಅರಿವೂ ಪಳಗಿದ ಕೈಯೂ ಅಷ್ಟೇ ಮುಖ್ಯ, ಅವಿಲ್ಲದಿದ್ದರೆ ಕೆರೆ ಪೂರ್ತಿಯಾಗಲಿಲ್ಲ ಎಂಬ ತಿಳಿವಳಿಕೆ ಆ ಎಣಿಕೆಯಲ್ಲಿದೆ. ಇಂದು ರಾಜಕಾಲುವೆಗೆ ನೂರಾರು ಕೋಟಿಯ ಟೆಂಡರ್ ಕರೆಯುವಾಗ ತಡೆಗೋಡೆಯ ಎತ್ತರ, ಕಬ್ಬಿಣದ ತೂಕ ಎಲ್ಲ ಇರುತ್ತವೆ. ಆ ಕಾಲುವೆಯನ್ನು ಹತ್ತು ವರ್ಷ ನೋಡಿಕೊಳ್ಳುವವರಿಗೆ ಏನು ಕಲಿಸಬೇಕು, ಅದಕ್ಕೆಷ್ಟು ಖರ್ಚು ಎಂಬ ಸಾಲೂ ಅದೇ ದರ್ಜೆಯಲ್ಲಿ ಇರಬೇಕೆಂದು ನಾನು ಬಯಸುತ್ತೇನೆ.

ಅದೇ ಶಾಸನ ಕೆರೆಯ ಆರು ದೋಷಗಳನ್ನೂ ಹೇಳುತ್ತದೆ. ಕಟ್ಟೆ ಜಿನುಗುವುದು, ಚೌಳುಮಣ್ಣು, ಕೆರೆಯ ನಡುವೆ ದಿಬ್ಬ ಇವೆಲ್ಲ ಯಾರಿಗೂ ಹೊಳೆಯುವಂಥವು. ಒಂದು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು: ಎರಡು ರಾಜ್ಯಗಳ ಗಡಿಯಲ್ಲಿ ಇರುವುದು. ಮಣ್ಣಿಗೂ ನೀರಿಗೂ ಸಂಬಂಧವಿಲ್ಲದ, ಪೂರ್ತಿ ಮನುಷ್ಯರೇ ಮಾಡಿಕೊಂಡ ದೋಷ ಅದು. ಇಬ್ಬರಿಗೆ ಸೇರಿದ ಕೆರೆಯನ್ನು ಇಬ್ಬರೂ ನೋಡುವುದಿಲ್ಲ. ನಮ್ಮ ರಾಜಕಾಲುವೆಗಳ ಸ್ಥಿತಿ ಇದೇ ಅಲ್ಲವೇ? ಕಾಲುವೆಯ ಗೋಡೆ ಪಾಲಿಕೆಯದು, ಅದರೊಳಗೆ ಹರಿಯುವ ಕೊಳಚೆ ಜಲಮಂಡಳಿಯದು, ನೆಲದ ದಾಖಲೆ ಕಂದಾಯ ಇಲಾಖೆಯದು, ಪಕ್ಕದ ಬಡಾವಣೆಗೆ ಮಂಜೂರಾತಿ ಇನ್ನೊಂದು ಪ್ರಾಧಿಕಾರದ್ದು. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ನಗರ ಪಾಲಿಕೆಗಳಾಗಿದೆ. ಆಡಳಿತ ಹತ್ತಿರ ಬಂದರೆ ಒಳ್ಳೆಯದೇ. ಆದರೆ ಕಣಿವೆಗಳು ಐದು ಭಾಗವಾಗಿಲ್ಲ. ಮೇಲಿನ ಪಾಲಿಕೆ ಬಿಟ್ಟ ನೀರು ಕೆಳಗಿನ ಪಾಲಿಕೆಗೆ ಬಂದೇ ಬರುತ್ತದೆ. ಇವುಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬೇರೆಲ್ಲಕ್ಕಿಂತ ಮೊದಲು ಕಣಿವೆಗೊಂದು ಹೊಣೆಗಾರ ಕಚೇರಿ ಮಾಡಬೇಕು. ಕಣಿವೆಯ ನೆತ್ತಿಯಿಂದ ಕೊನೆಯ ಕೆರೆಯವರೆಗೂ ಒಂದೇ ಕಚೇರಿ ಉತ್ತರ ಕೊಡುವಂತಿರಬೇಕು.

ಅನುಮತಿಯ ವಿಷಯಕ್ಕೆ ಬಂದರೆ ನನ್ನ ಮನಸ್ಸು ಭಾರವಾಗುತ್ತದೆ. 2016ರ ಆಗಸ್ಟಿನಲ್ಲಿ ರಾಜಕಾಲುವೆ ಒತ್ತುವರಿಯೆಂದು ಪಾಲಿಕೆ ಜೆಸಿಬಿ ತಂದು ಮನೆಗಳನ್ನು ಕೆಡವಿತು. ಮನೆಯ ಮುಂದೆ ನಿಂತವರಲ್ಲಿ ಎಷ್ಟೋ ಜನರ ಕೈಯಲ್ಲಿ ಖಾತೆಯಿತ್ತು, ಮಂಜೂರಾದ ನಕ್ಷೆಯಿತ್ತು, ತೆರಿಗೆ ಕಟ್ಟಿದ ರಸೀದಿಯಿತ್ತು. ಬ್ಯಾಂಕು ಅದೇ ಕಾಗದಗಳನ್ನು ನೋಡಿ ಸಾಲ ಕೊಟ್ಟಿತ್ತು. ಗ್ರಾಮನಕ್ಷೆಯಲ್ಲಿ ಅಲ್ಲೊಂದು ಕಾಲುವೆ, ಪಹಣಿಯಲ್ಲಿ 'ಬಿ' ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಎಂಬ ನಮೂದು ಇದ್ದಿರಬಹುದು. ಅದನ್ನು ಓದುವುದು ಹೇಗೆಂದು ಕೊಳ್ಳುವವರಿಗೆ ಯಾರೂ ಹೇಳಲಿಲ್ಲ. ಕಾಲುವೆ ತೆರವಾಗಲೇಬೇಕು, ತಗ್ಗಿನವರ ಜೀವದ ಪ್ರಶ್ನೆ ಅದು. ಆದರೆ ಒಪ್ಪಿಗೆಯ ಮೊಹರು ಒತ್ತಿದ ಕೈಯೇ ಹತ್ತು ವರ್ಷದ ಮೇಲೆ ಗೋಡೆ ಕೆಡವಿದಾಗ, ನಡುವೆ ಕಾಣೆಯಾದದ್ದು ಮಾರ್ಗದರ್ಶನ. ಅನುಮತಿ ಎಂದರೆ ಅರ್ಜಿ, ಶುಲ್ಕ, ಸಹಿ ಎಂದಷ್ಟೇ ತಿಳಿದ ಕಚೇರಿ ಜನರ ಎದುರಿಗೆ ಕೂರುತ್ತದೆ. ಸೈಟು ಕೊಳ್ಳುವ ಮೊದಲೇ "ಅಮ್ಮಾ, ಈ ಸರ್ವೆ ನಂಬರಿನಲ್ಲಿ ಕಾಲುವೆ ಹಾದಿದೆ, ಇಲ್ಲಿ ಕೊಳ್ಳಬೇಡಿ" ಎಂದು ಹೇಳಬಲ್ಲ ಕಚೇರಿ ಜನರ ಪಕ್ಕದಲ್ಲಿ ನಿಲ್ಲುತ್ತದೆ. ಎರಡರ ಖರ್ಚೂ ಒಂದೇ. ಎರಡನೆಯದಕ್ಕೆ ಬೇಕಾದದ್ದು ಕಲಿತ ಸಿಬ್ಬಂದಿ ಮತ್ತು ಎದುರಿನವರ ಮೇಲಿನ ಕರುಣೆ.

ಕಾಲುವೆಯ ಅಂಚಿನಿಂದ ಎಷ್ಟು ದೂರ ಬಿಡಬೇಕೆಂಬ ವಾದ ವರ್ಷಗಟ್ಟಲೆ ನಡೆಯಿತು. ನಗರದ ಮಹಾಯೋಜನೆ ಹೇಳಿದ್ದಕ್ಕಿಂತ ಹೆಚ್ಚು ಜಾಗ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಆದೇಶಿಸಿತು. ಕೆರೆಗೆ 30 ಮೀಟರ್ ಇದ್ದದ್ದು 75 ಆಯಿತು. ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ ಆ ಆದೇಶವನ್ನು ತೆಗೆದುಹಾಕಿತು. ಕಾನೂನಿನ ಒಳಸುಳಿಗೆ ನಾನು ಇಳಿಯುವುದಿಲ್ಲ. ಎಷ್ಟು ಮೀಟರ್ ಎಂದು ತೀರ್ಮಾನವಾದರೂ ಆ ಗೆರೆ ನೆಲದ ಮೇಲೆ ಕಲ್ಲು ನೆಟ್ಟು ಗುರುತಾಗಿರಬೇಕು, ಹಾದುಹೋಗುವ ಶಾಲೆಯ ಮಗುವಿಗೂ ಕಾಣುವಂತಿರಬೇಕು.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂತು. 2,400 ಚದರಡಿ ಮತ್ತು ಅದಕ್ಕೂ ಹೆಚ್ಚಿನ ನಿವೇಶನದ ಹಳೆಯ ಕಟ್ಟಡಗಳಿಗೆ, 1,200 ಚದರಡಿಯಿಂದ ಮೇಲಿನ ನಿವೇಶನದ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ದೇಶದ ಅನೇಕ ನಗರಗಳಿಗಿಂತ ಮುಂದಿನ ಹೆಜ್ಜೆ ಅದು, ಮೆಚ್ಚಲೇಬೇಕು. ತಪ್ಪಿದವರಿಗೆ ನೀರಿನ ಬಿಲ್ಲಿನಲ್ಲೇ ದಂಡ ಸೇರುತ್ತದೆ. ಸಾವಿರಾರು ಮನೆಗಳು ತಿಂಗಳು ತಿಂಗಳು ಆ ದಂಡ ಕಟ್ಟುತ್ತಿವೆ. "ದಂಡ ಕಟ್ಟಿದರಾಯಿತು ಬಿಡಿ" ಎಂಬ ಮಾತನ್ನು ನಾನು ಸಜ್ಜನರ ಬಾಯಲ್ಲೇ ಕೇಳಿದ್ದೇನೆ. ಹಣ ಕೊಟ್ಟು ಹೊಣೆ ತೀರಿತೆಂದು ಅವರಿಗೆ ಅನ್ನಿಸಿದೆ. ಆದರೆ ಆ ಹಣ ಮಂಡಳಿಗೆ ಹೋಗುತ್ತದೆ, ನೀರು ಕೆಳಗಿನ ಮನೆಗೆ ಹೋಗುತ್ತದೆ. ಕೆಳಗಿನ ಮನೆಯ ಅಕ್ಕಿಮೂಟೆ ನೆನೆದದ್ದಕ್ಕೆ, ಮಕ್ಕಳ ಪುಸ್ತಕ ಹಾಳಾದದ್ದಕ್ಕೆ ಆ ದಂಡದಲ್ಲಿ ಪಾಲಿಲ್ಲ. ದಂಡವನ್ನು ಶುಲ್ಕವೆಂದು ಎಣಿಸುವ ಮನಸ್ಸು ಬಂದ ಮೇಲೆ ನಿಯಮ ಇದ್ದೂ ಇಲ್ಲದಂತೆ.

ಜನ ಯಾಕೆ ಹೀಗೆ ಮಾಡುತ್ತಾರೆಂದು ಕೇಳಿದರೆ ಬರುವ ಉತ್ತರದಲ್ಲಿ ದುರಾಸೆಗಿಂತ ಭಯವೇ ಹೆಚ್ಚು. ಯಾರನ್ನು ಕರೆಸಬೇಕು? ಎಷ್ಟಾಗುತ್ತದೆ? ಅಡಿಪಾಯಕ್ಕೆ ನೀರು ಇಳಿದರೆ? ಸಂಪಿನ ನೀರು ಕೆಟ್ಟರೆ? ಒಬ್ಬ ಪ್ಲಂಬರ್ ಒಂದು ಹೇಳುತ್ತಾನೆ, ಇನ್ನೊಬ್ಬ ಮೇಸ್ತ್ರಿ ಇನ್ನೊಂದು. ಈ ಭಯಕ್ಕೆ ಮದ್ದಾಗಿ ಜಯನಗರದಲ್ಲಿ ಜಲಮಂಡಳಿಯೂ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ ಸೇರಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆನೀರು ಸಂಗ್ರಹದ ಉದ್ಯಾನವನ್ನೇ ಮಾಡಿದ್ದಾರೆ. ಬಗೆಬಗೆಯ ಶೋಧಕ, ಇಂಗುಗುಂಡಿಗಳನ್ನು ಅಲ್ಲಿ ಮುಟ್ಟಿ ನೋಡಬಹುದು. ಪ್ಲಂಬರುಗಳಿಗೆ ತರಬೇತಿಯೂ ಅಲ್ಲಿ ನಡೆದಿದೆ. ಇದರ ಹಿಂದೆ ದುಡಿದವರಲ್ಲಿ ಎ.ಆರ್. ಶಿವಕುಮಾರ್ ಒಬ್ಬರು. ವಿಜಯನಗರ ಬಡಾವಣೆಯ ಅವರ ಮನೆ 1995ರಿಂದ ಕಾವೇರಿಯ ಸಂಪರ್ಕವಿಲ್ಲದೆ ಮಳೆಯ ನೀರಿನಲ್ಲೇ ನಡೆದುಬಂದಿದೆ. ಇಂಥವರು ಕಲಿಸುವಾಗ ಕಲಿಯುವವರಿಗೆ ನಂಬಿಕೆ ಬರುತ್ತದೆ, ಹೇಳುವುದನ್ನು ಅವರು ಮನೆಯಲ್ಲಿ ಮಾಡಿ ಕುಡಿದಿದ್ದಾರೆ. ಇಡೀ ಮಹಾನಗರಕ್ಕೆ ಇಂಥದ್ದು ಒಂದು ಸಾಲದು. ವಾರ್ಡಿಗೊಂದು ಬೇಡ, ಕಣಿವೆಗೊಂದಾದರೂ ಬೇಕು.

ತರಬೇತಿ ಎಂದ ಕೂಡಲೇ ಮೇಲಿನವರು ಕೆಳಗಿನವರಿಗೆ ಕೊಡುವುದೆಂದು ನಾವು ಭಾವಿಸುತ್ತೇವೆ. ಇಲ್ಲಿ ಅದು ತಿರುಗುಮುರುಗಾಗಬೇಕಾದ ಸಂದರ್ಭವೂ ಇದೆ. ಬೆಂಗಳೂರಿನ ಸುತ್ತ ಬಾವಿ ತೋಡುವುದನ್ನೇ ಕಸುಬು ಮಾಡಿಕೊಂಡ ಮಣ್ಣು ವಡ್ಡರ ಕುಟುಂಬಗಳಿವೆ. ಕೊಳವೆಬಾವಿಯ ರಿಗ್ಗು ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಯಿತು. ನೀರಿನ ವಿಷಯದಲ್ಲಿ ದುಡಿಯುವ ಬಯೋಮ್ ಸಂಸ್ಥೆ, ಎಸ್. ವಿಶ್ವನಾಥ್ ಮೊದಲಾದವರು ಹತ್ತು ಲಕ್ಷ ಬಾವಿಗಳ ಅಭಿಯಾನ ಶುರುಮಾಡಿದಾಗ ಆ ಕೈಗಳಿಗೆ ಮತ್ತೆ ಬೇಡಿಕೆ ಬಂತು. ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಇಂಗುಬಾವಿಯಲ್ಲಿ ಸುಮಾರು ನಾಲ್ಕು ಸಾವಿರ ಲೀಟರ್ ನೀರು ಹಿಡಿಯುತ್ತದೆ. ಮಣ್ಣಿನ ಗುಣ ಒಳ್ಳೆಯದಿದ್ದರೆ ಅದು ಬೇಗ ಇಂಗಿ ಮುಂದಿನ ಮಳೆಗೆ ಬಾವಿ ಖಾಲಿಯಾಗುತ್ತದೆ. ಎಲ್ಲಿ ಜೇಡಿ ಸಿಗುತ್ತದೆ, ಎಲ್ಲಿ ಮೊರಂ ಶುರುವಾಗುತ್ತದೆ, ಯಾವ ಪದರಕ್ಕೆ ಮುಟ್ಟಿದರೆ ನೀರು ಸರಾಗವಾಗಿ ಇಳಿಯುತ್ತದೆ ಎಂಬುದು ಹಾರೆ ಹಾಕುವ ಆ ಜನರಿಗೆ ಮಣ್ಣಿನ ಬಣ್ಣದಿಂದಲೇ ತಿಳಿಯುತ್ತದೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಮರುಜೀವ ಬಂದದ್ದು ಈ ಅರಿವಿನಿಂದ. ಎಂಜಿನಿಯರಿಂಗ್ ಓದುವ ಮಕ್ಕಳು ಒಂದು ವಾರ ಇವರ ಹತ್ತಿರ ಪಾಠ ಕೇಳಬೇಕು. ಪಾಠ ಹೇಳಿದವರಿಗೆ ಗುರುಗಳಿಗೆ ಸಲ್ಲುವ ಗೌರವಧನವೇ ಸಲ್ಲಬೇಕು. ನೀರುಗಂಟಿಗಳ ಅರಿವಿಗೆ ಕೊಡದ ಮರ್ಯಾದೆಯನ್ನು ಈಗಲಾದರೂ ಕೊಡುವ ಅವಕಾಶ ಇದು.

ಕಾಲುವೆಯ ಹೂಳು ಎತ್ತುವವರ ಮಾತನ್ನೂ ಆಡಲೇಬೇಕು. ಮಳೆನೀರಿಗೆಂದು ಇರುವ ಕಾಲುವೆಗೆ ನಾವು ಕಕ್ಕಸಿನ ನೀರು ಬಿಟ್ಟಿದ್ದೇವೆ. ಹಾಗಾಗಿ ಮಳೆಗಾಲಕ್ಕೆ ಮುನ್ನ ಕಾಲುವೆ ಶುಚಿ ಮಾಡಲು ಇಳಿಯುವವರು ಇಳಿಯುವುದು ನಮ್ಮ ಮಲಕ್ಕೆ. ಮಲ ಹೊರುವ ಕೆಲಸವನ್ನು 2013ರ ಕಾಯ್ದೆ ನಿಷೇಧಿಸಿದೆ. ಮಳೆ ಕಾಲುವೆ ಎಂಬ ಹೆಸರಿದ್ದ ಮಾತ್ರಕ್ಕೆ ಒಳಗಿನ ಕೊಳಕು ಬದಲಾಗುವುದಿಲ್ಲ. ಒಂದು ಮನೆಯ ಶೌಚದ ಪೈಪು ತಪ್ಪು ಕಡೆ ಜೋಡಣೆಯಾಗಿದೆಯೆಂದರೆ ಅದು ಒಬ್ಬ ಮನುಷ್ಯನ ಆರೋಗ್ಯಕ್ಕೆ, ಘನತೆಗೆ ಮಾಡಿದ ಅಪಚಾರ. ಕಟ್ಟಡ ಮುಗಿದ ಮೇಲೆ ಸ್ವಾಧೀನಾನುಭವ ಪತ್ರ ಕೊಡುವ ಮುನ್ನ ಬಣ್ಣದ ನೀರು ಬಿಟ್ಟು ಯಾವ ಪೈಪು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ಪ್ರತಿಯೊಂದು ಮನೆಗೂ ಮೀಸಲಿಟ್ಟರೆ ಬೇಸಿಗೆಯಲ್ಲಿ ರಾಜಕಾಲುವೆಗಳು ಒಣಗಿರುತ್ತವೆ. ಬೇಸಿಗೆಯಲ್ಲಿ ಒಣಗಿದ ಕಾಲುವೆಯೇ ಆರೋಗ್ಯವಂತ ಕಾಲುವೆ.

ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಮಾಡಿದರೆ ಸಾಕು ಎನ್ನುವವರಿಗೆ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯನ್ನು ನೆನಪಿಸಬೇಕು. ಇಂಗುಬಾವಿಗಳಿಗೆ, ನೀರಿನ ಶಿಸ್ತಿಗೆ ಬಹಳ ಹಿಂದೆಯೇ ಹೆಸರಾದ ಬಡಾವಣೆ ಅದು. 2022ರಲ್ಲಿ ಟ್ರ್ಯಾಕ್ಟರು, ದೋಣಿಗಳು ಓಡಾಡಿದ ಜಾಗಗಳಲ್ಲಿ ಅದೂ ಒಂದು. ಅದು ತಗ್ಗಿನಲ್ಲಿದೆ, ಮೇಲಿನ ಬಡಾವಣೆಗಳ ನೀರೆಲ್ಲ ಅಲ್ಲಿಗೆ ಬಂತು, ಹೊರಹೋಗಲು ಸಾಕಷ್ಟು ಅಗಲದ ದಾರಿ ಇರಲಿಲ್ಲ. ತಮ್ಮ ಮನೆಯ ಮಳೆಯನ್ನು ನೆಲಕ್ಕೆ ಇಳಿಸಿದವರು ಇತರರ ಮಳೆಯಲ್ಲಿ ಮುಳುಗಿದರು. ಇದನ್ನು ಕಂಡು ಇಂಗುಬಾವಿಯೇ ವ್ಯರ್ಥವೆಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ನಡತೆಗೆ ಫಲ ಸಿಗಬೇಕಾದರೆ ಮೇಲಿನವರೂ ಅದೇ ನಡತೆಯವರಾಗಿರಬೇಕು, ಅದನ್ನು ಖಾತ್ರಿಪಡಿಸುವುದು ಸರ್ಕಾರದ ಧರ್ಮ. ಆ ವರ್ಷ ಸಿರಿವಂತರ ವಿಲ್ಲಾಗಳು ಮುಳುಗಿದ್ದಕ್ಕೆ ದೇಶದ ಟಿವಿಗಳೆಲ್ಲ ಬಂದವು. ರಾಜಕಾಲುವೆಯ ದಂಡೆಗೆ ತಗಡು ಹೊದಿಸಿಕೊಂಡು ಬದುಕುವವರ ಮನೆಗೆ ಎಷ್ಟೋ ವರ್ಷಗಳಿಂದ ನೀರು ನುಗ್ಗುತ್ತಲೇ ಇದೆ. ಅವರು ಅಕ್ಕಿಯ ಡಬ್ಬವನ್ನು ಅಟ್ಟದ ಮೇಲಿಡಲು ಕಲಿತಿದ್ದಾರೆ. ಅವರಿಗೆ ಅಂಥದ್ದನ್ನು ಕಲಿಯುವ ಪ್ರಮೇಯ ಬರಬಾರದಿತ್ತು.

ಸಂಶೋಧನೆ ನಮ್ಮಲ್ಲಿ ಕಡಿಮೆಯೇನಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ದಶಕಗಳಿಂದ ಈ ಊರಿನ ಕೆರೆಗಳನ್ನು ಅಳೆಯುತ್ತ, ಕಾಂಕ್ರೀಟು ಬೆಳೆದು ಜಲಮೂಲಗಳು ಕುಗ್ಗಿದ್ದನ್ನು ಉಪಗ್ರಹ ಚಿತ್ರಗಳ ಆಧಾರದಿಂದ ಮತ್ತೆ ಮತ್ತೆ ಹೇಳುತ್ತ ಬಂದಿದೆ. ಅದೇ ಸಂಸ್ಥೆಯ ಪಿ.ಪಿ. ಮುಜುಂದಾರ್ ಅವರ ತಂಡ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದೊಡನೆ ಸೇರಿ ನಗರದ ನೆರೆಯನ್ನು ಮುಂಚಿತವಾಗಿ ಅಂದಾಜು ಮಾಡುವ ಮಾದರಿ ರೂಪಿಸಿದೆ. ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳಿವೆ, ಬಡಾವಣೆಗಳಲ್ಲಿ ಮಳೆಮಾಪಕಗಳಿವೆ, ಮೇಘ ಸಂದೇಶ ಎಂಬ ಆಪ್ ಕೂಡ ಬಂತು. ಬೆಂಗಳೂರಿನ ಮಳೆ ತುಂಡುತುಂಡಾಗಿ ಸುರಿಯುತ್ತದೆ. ಯಲಹಂಕದಲ್ಲಿ ಜಡಿದಾಗ ಜಯನಗರದಲ್ಲಿ ಬಿಸಿಲಿರಬಹುದು. ಆದ್ದರಿಂದ ಒಂದೆರಡು ಕಡೆ ಅಳೆದು ಊರಿಗೆಲ್ಲ ಅನ್ವಯಿಸಲಾಗದು ಎಂಬುದನ್ನು ಈ ವಿಜ್ಞಾನಿಗಳು ತಾಳ್ಮೆಯಿಂದ ತೋರಿಸಿದ್ದಾರೆ. ಅವರ ಗೆರೆನಕ್ಷೆಗಳು ವಾರ್ಡಿನ ಎಂಜಿನಿಯರ್ ಮೇಜಿಗೆ, ಅಲ್ಲಿಂದ ಮನೆ ಕಟ್ಟುವವರ ಕೈಗೆ ತಲುಪುವ ದಾರಿ ಮಾತ್ರ ಇನ್ನೂ ಹೂಳು ತುಂಬಿದ ಕಾಲುವೆಯಂತಿದೆ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರಿಗೆ ಸಿಕ್ಕಿ ಒಬ್ಬ ಯುವತಿ ಜೀವ ಕಳೆದುಕೊಂಡರು. ವಿಧಾನಸೌಧದಿಂದ ನಡೆದು ಹೋಗುವಷ್ಟು ದೂರದ ಜಾಗ ಅದು. ಅಂದು ಬೇಕಿದ್ದದ್ದು ಹೊಸ ಅರಿವಲ್ಲ. ಇರುವ ಅರಿವನ್ನು ಹಿಡಿದುಕೊಂಡು, ಮಳೆ ಶುರುವಾದ ಹತ್ತು ನಿಮಿಷದಲ್ಲಿ ಆ ಸೇತುವೆಯ ಬಾಯಿಗೆ ಅಡ್ಡಗಟ್ಟೆ ಎಳೆಯುವ ತರಬೇತಾದ ಒಬ್ಬ ಮನುಷ್ಯ ಬೇಕಿತ್ತು.

ಆಡಳಿತವನ್ನೂ ಹೊಣೆಗೆ ಕಟ್ಟುವ ದಾರಿ ಬೇರೆಡೆ ಇದೆ. ಅಮೆರಿಕದಲ್ಲಿ 1972ರ ಶುದ್ಧನೀರಿನ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ಮಾಡಿ, ನಗರಗಳ ಮಳೆ ಕಾಲುವೆಯಿಂದ ಹೊಳೆಗೆ ಬೀಳುವ ನೀರಿಗೂ ಪರವಾನಗಿ ಬೇಕೆಂದರು. ಆ ಪರವಾನಗಿ ಪಡೆಯುವುದು ನಗರಾಡಳಿತ. ಬೇರೆಯವರಿಗೆ ಅನುಮತಿ ಕೊಡುವ ಸಂಸ್ಥೆ ತಾನೇ ಅನುಮತಿ ಕೇಳುವ ಸ್ಥಾನದಲ್ಲಿ ನಿಲ್ಲಬೇಕು. ಸಣ್ಣ ಊರುಗಳಿಗೆ ವಿಧಿಸಿದ ಆರು ಕರ್ತವ್ಯಗಳಲ್ಲಿ ಜನರಿಗೆ ತಿಳಿವಳಿಕೆ ಕೊಡುವುದು ಒಂದು. ತನ್ನದೇ ನೌಕರರಿಗೆ ತರಬೇತಿ ಕೊಡುವುದೂ ಆ ಕರ್ತವ್ಯಗಳೊಳಗೆ ಸೇರಿದೆ. ಒಂದು ಎಕರೆಗೂ ಹೆಚ್ಚು ನೆಲ ಅಗೆಯುವ ಕಟ್ಟಡಗಾರ ಮಣ್ಣು ಕೊಚ್ಚಿ ಹೋಗದಂತೆ ಏನು ಮಾಡುತ್ತೇನೆಂದು ಮೊದಲೇ ಬರೆದುಕೊಡಬೇಕು. ಅಲ್ಲೆಲ್ಲ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಆಡಳಿತವೂ ಇಳಿಜಾರಿನ ಮೇಲೇ ನಿಂತಿದೆ, ಅದಕ್ಕೂ ಕೆಳಗೊಬ್ಬರಿದ್ದಾರೆ ಎಂಬ ಒಂದು ತತ್ವವನ್ನು ನಾವು ಎತ್ತಿಕೊಳ್ಳಬಹುದು.

ಬೆಂಗಳೂರಿನ ಕೆಳಗಿರುವವರು ಯಾರು? ಬಿಡದಿಯ ಹತ್ತಿರದ ಬೈರಮಂಗಲ ಕೆರೆಯ ರೈತರು. ವೃಷಭಾವತಿ ಅವರ ಕೆರೆಗೇ ಬಂದು ಸೇರುತ್ತದೆ, ನಮ್ಮ ಬಚ್ಚಲು, ನಮ್ಮ ಕಾರ್ಖಾನೆ, ನಮ್ಮ ರಸ್ತೆಯ ಎಣ್ಣೆ ಎಲ್ಲವನ್ನೂ ಹೊತ್ತು. ಇನ್ನೊಂದು ಮಗ್ಗುಲಲ್ಲಿ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯ. ಬೆಂಗಳೂರಿನಲ್ಲಿ ಜೋರುಮಳೆಯಾದಾಗ ಅಲ್ಲಿ ನೊರೆ ಎದ್ದು ಗದ್ದೆಬಯಲಿನ ರಸ್ತೆಗೆ ಹಾರುತ್ತದೆ. ಅಲ್ಲಿಯ ರೈತರು ನಮ್ಮ ರಾಜ್ಯದವರೂ ಅಲ್ಲ, ನಮ್ಮ ಯಾವ ಚುನಾವಣೆಯಲ್ಲೂ ಅವರಿಗೆ ಮತವಿಲ್ಲ, ನಕ್ಷೆ ಮಂಜೂರು ಮಾಡುವ ಯಾವ ಸಭೆಯಲ್ಲೂ ಅವರಿಗೆ ಕುರ್ಚಿಯಿಲ್ಲ. ಕಾವೇರಿಯ ಮೇಲಿನ ಪಾಲಿನ ವಿಷಯ ಬಂದಾಗ ನಾವು ಬೀದಿಗಿಳಿಯುತ್ತೇವೆ, ನಮ್ಮ ಬೆಳೆಗೆ ನೀರು ಬೇಕೆಂದು ಕೇಳುವುದು ನ್ಯಾಯವೇ. ನಾವು ಕೆಳಕ್ಕೆ ಬಿಡುವ ನೀರು ಎಂಥದ್ದೆಂಬ ಪ್ರಶ್ನೆಗೂ ಅದೇ ಗಂಟಲಿನಲ್ಲಿ ಉತ್ತರ ಕೊಡಬೇಕಾಗುತ್ತದೆ.

ಹೊಸ ಪಾಲಿಕೆಗಳಿಗೆ ಸೇರುವ ಎಂಜಿನಿಯರುಗಳ ತರಬೇತಿಯ ಮೊದಲ ದಿನ ಬೈರಮಂಗಲದಲ್ಲಿ ನಡೆಯಲಿ ಎಂಬುದು ನನ್ನ ಬೇಡಿಕೆ. ಕೆರೆಯ ಕೆಳಗಿನ ಅಚ್ಚುಕಟ್ಟಿನ ರೈತರೊಬ್ಬರು ಪಾಠ ಮಾಡಲಿ. ನೀರು ಮುಟ್ಟಿದ ಕೈಗೆ ಏನಾಗುತ್ತದೆ, ಯಾವ ಬೆಳೆ ಬಿಟ್ಟು ಯಾವುದಕ್ಕೆ ಬಂದರು, ಮಳೆ ಬಂದ ಮರುದಿನ ಕಾಲುವೆಯ ಬಣ್ಣ ಹೇಗಿರುತ್ತದೆ ಎಂದು ಅವರು ಹೇಳಲಿ. ಎರಡನೇ ದಿನ ನಗರಕ್ಕೆ ಬಂದು ನಕ್ಷೆಯ ಅರ್ಜಿಗಳನ್ನು ಬಿಚ್ಚಿ ಕೂರಲಿ. ಮೊದಲ ಅರ್ಜಿಯಲ್ಲಿ ತಾರಸಿಯ ಪೈಪು ಎಲ್ಲಿಗೆ ಬಿಟ್ಟಿದೆ ಎಂದು ನೋಡಿ, ಹೊರಗೆ ಬಿಟ್ಟಿದ್ದರೆ ಅರ್ಜಿದಾರರನ್ನು ಕರೆದು ಕೂರಿಸಿಕೊಂಡು, ಇಂಗುಬಾವಿ ಎಲ್ಲಿ ಬರಬಹುದು, ಯಾರು ತೋಡುತ್ತಾರೆ, ಎಷ್ಟಾಗುತ್ತದೆ ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಲಿ.